ಕೇಳುವ ಕಪಾಟನ್ನು ತೂಕಕ್ಕೆ ಹಾಕಿದ ಅಧಿಕಾರಿಗಳಿಗೆ

ಮಾನ್ಯ ಗ್ರಂಥಾಲಯ ಅಧಿಕಾರಿಗಳೇ,

‘ಮಾನ್ಯ’ ಎಂದು ಬರೆದದ್ದು ಪತ್ರದ ಪದ್ಧತಿಗಾಗಿ. ಅದರಲ್ಲಿ ತಾವು ಹೆಚ್ಚೇನನ್ನೂ ಹುಡುಕಬಾರದು. ನೇರ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕಿಟಕಿಯ ಪಕ್ಕದ ಕಪಾಟಿನಲ್ಲಿದ್ದ ಪುಸ್ತಕಗಳನ್ನು ‘ಯಾರೂ ಓದದ ಪುಸ್ತಕಗಳು’ ಎಂದು ತೀರ್ಮಾನಿಸಿ ತಾವು ರದ್ದಿಗೆ ಹಾಕಿಸಿದ್ದೀರಿ. ಆ ಕಟ್ಟಡದಲ್ಲಿ ಅತಿ ಹೆಚ್ಚು ಜನಕ್ಕೆ ಗೊತ್ತಿದ್ದ ಪುಸ್ತಕಗಳೇ ಅವು. ಅವುಗಳ ಜೊತೆಗೆ, ಮುಕ್ಕಾಲು ಭಾಗ ಮುಗಿದು ಗುರುತಿನ ದಾರ ಹಾಕಿಟ್ಟಿದ್ದ ಒಂದು ಕಾದಂಬರಿಯೂ ಹೋಯಿತು. ಅದರ ಮುಂದಿನ ಕಥೆ ಕೇಳಲು ನನ್ನ ಚಿಕ್ಕಮ್ಮ ಕಾದು ಕುಳಿತಿದ್ದಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಈಗ ಕಿವಿಯೂ ಮಂದವಾಗುತ್ತಿದೆ. ಇನ್ನು ಹೆಚ್ಚು ಕಾಲ ಇದು ನಿಲ್ಲುವುದಿಲ್ಲವೆಂದು ಕಿವಿಯ ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಈ ಪತ್ರಕ್ಕೆ ತಮ್ಮ ಕಚೇರಿಯ ರೂಢಿಯಂತೆ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬರೆಯಬೇಡಿ. ಪರಿಶೀಲನೆಗೆ ಕಾಯುವಷ್ಟು ಕಿವಿ ಅವಳಲ್ಲಿ ಉಳಿದಿಲ್ಲ.

ತಾವು ಹೊರತಂದ ಶತಮಾನೋತ್ಸವದ ಸ್ಮರಣ ಸಂಚಿಕೆ ನನ್ನ ಮುಂದಿದೆ. ಕಾಗದ ಬಹಳ ಚೆನ್ನಾಗಿದೆ. ಮುಟ್ಟಿದರೆ ಜಾರುತ್ತದೆ. ಮೊದಲ ಪುಟದಲ್ಲಿ ತಮ್ಮ ಭಾವಚಿತ್ರವಿದೆ, ಎರಡನೆಯದರಲ್ಲಿ ತಮ್ಮ ಮೇಲಿನವರದು, ಮೂರನೆಯದರಲ್ಲಿ ತಾವಿಬ್ಬರೂ ಒಟ್ಟಿಗೆ ರಿಬ್ಬನ್ ಕತ್ತರಿಸುತ್ತಿರುವುದು. ಇವೆಲ್ಲ ಮುಗಿದ ಮೇಲೆ ‘ಗ್ರಂಥಾಲಯ ನಡೆದು ಬಂದ ದಾರಿ’ ಎಂಬ ಲೇಖನ ಬರುತ್ತದೆ. ಓದಿನ ಅಭಿರುಚಿ ಇಲ್ಲದ ಸ್ಥಳೀಯ ಜನರಲ್ಲಿ ಅದನ್ನು ಬೆಳೆಸುವ ಸದುದ್ದೇಶದಿಂದ ಇಲಾಖೆಯು ಈ ಗ್ರಂಥಾಲಯವನ್ನು ಸ್ಥಾಪಿಸಿತು ಎಂದು ಅದರ ಮೊದಲ ವಾಕ್ಯ. ಒಂದೇ ವಾಕ್ಯದಲ್ಲಿ ಇಷ್ಟು ಸುಳ್ಳುಗಳನ್ನು ಇಷ್ಟು ಸಭ್ಯವಾಗಿ ಜೋಡಿಸಿದವರು ಯಾರೆಂದು ತಿಳಿಯುವ ಕುತೂಹಲ ನನಗಿದೆ. ಅದೇ ಲೇಖನದ ಪಕ್ಕದಲ್ಲಿ ಒಂದು ಹಳೆಯ ಚಿತ್ರ ಹಾಕಿದ್ದೀರಿ: ಬೆಂಚುಗಳ ಮೇಲೆ ಸಾಲಾಗಿ ಗಂಡಸರು ಹೆಂಗಸರು ಕುಳಿತಿದ್ದಾರೆ, ಯಾರ ಕೈಯಲ್ಲೂ ಪುಸ್ತಕವಿಲ್ಲ, ಅರ್ಧಕ್ಕರ್ಧ ಜನ ಕಣ್ಣು ಮುಚ್ಚಿದ್ದಾರೆ. ಕೆಳಗೆ ‘ಗ್ರಂಥಾಲಯದಲ್ಲಿ ವಿಶ್ರಾಂತಿ ಪಡೆಯುತ್ತಿರುವ ಕಾರ್ಮಿಕರು’ ಎಂಬ ವಿವರಣೆ. ಸ್ವಾಮಿ, ಅವರು ನಿದ್ದೆ ಮಾಡುತ್ತಿಲ್ಲ. ಕೇಳುತ್ತಿದ್ದಾರೆ. ಎರಡನೇ ಸಾಲಿನ ತುದಿಯಲ್ಲಿ ಬಾಯಿ ತೆರೆದು ಕುಳಿತಿರುವವನು ನನ್ನ ಅಜ್ಜ.

ನಮ್ಮದು ದರ್ಜಿಗಳ ಬೀದಿ. ನಾನು ಅಲ್ಲಿ ದಾರ, ಗುಂಡಿ, ಸೂಜಿ, ಲೈನಿಂಗ್ ಬಟ್ಟೆ ಮಾರುವವನು. ನನ್ನ ಮುತ್ತಜ್ಜನ ಕಾಲದಲ್ಲಿ ಇಲ್ಲಿ ಹೊಲಿಗೆಯೆಲ್ಲ ಕೈಯಿಂದಲೇ ನಡೆಯುತ್ತಿತ್ತು. ಒಂದು ಉದ್ದನೆಯ ಕೊಟ್ಟಿಗೆಯಲ್ಲಿ ಎಲ್ಲರೂ ಎದುರು ಬದುರು ಕುಳಿತು ಹೊಲಿಯುತ್ತಿದ್ದರು. ಅವರಲ್ಲೊಬ್ಬ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡ. ಮೂಳೆ ಸೊಟ್ಟಗೆ ಕೂಡಿಕೊಂಡು ಆತ ಸೂಜಿ ಹಿಡಿಯುವುದು ನಿಂತೇಹೋಯಿತು. ಆತನಿಗೆ ಓದು ಬರುತ್ತಿತ್ತು. ಧ್ವನಿಯೋ, ಬೀದಿಯ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯಲ್ಲಿ ಮಗು ಎದ್ದು ಅಳುತ್ತಿತ್ತಂತೆ. ಎಲ್ಲರೂ ಸೇರಿ ಒಂದು ಏರ್ಪಾಡು ಮಾಡಿದರು. ಆತ ಓದಬೇಕು, ಉಳಿದವರು ಹೊಲಿಯುತ್ತ ಕೇಳಬೇಕು, ಆತನ ಪಾಲಿನ ಕೂಲಿಯನ್ನು ಎಲ್ಲರೂ ಹಂಚಿಕೊಂಡು ಕೊಡಬೇಕು. ಗಂಟಲಪ್ಪ ಎಂದು ಆತನಿಗೆ ಹೆಸರು ಬಿತ್ತು. ಮೊದಮೊದಲು ಹಳೆಯ ಪತ್ರಿಕೆಗಳು, ಆಮೇಲೆ ಕಥೆ, ಕಾದಂಬರಿ. ಓದಿನ ಅಭಿರುಚಿಯಿಲ್ಲದ ಸ್ಥಳೀಯ ಜನರು ಎಂದಿರಲ್ಲ, ಅವರೇ ಇವರು.

ಆಮೇಲೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಗಳು ಬಂದವು. ಆ ಗದ್ದಲದಲ್ಲಿ ಗಂಟಲಪ್ಪನ ಗಂಟಲೂ ಸೋತಿತು. ಬೇರೆಯವರಾಗಿದ್ದರೆ ಓದನ್ನು ಅಲ್ಲಿಗೇ ಬಿಡುತ್ತಿದ್ದರು. ಇವರು ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ಎಲ್ಲ ಯಂತ್ರಗಳನ್ನೂ ನಿಲ್ಲಿಸಿದರು. ಮಾಲೀಕರು ಕೂಗಾಡಿದರು. ಇವರು ಬೀದಿಯ ಕೊನೆಯಲ್ಲಿದ್ದ ಉಗ್ರಾಣವೊಂದನ್ನು ಬಾಡಿಗೆಗೆ ಹಿಡಿದು, ಬೆಂಚು ಹಾಕಿ, ಅಲ್ಲಿ ಹೋಗಿ ಕುಳಿತರು. ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನು ಹಾಸಿಗೆ ತುಂಬುವವರಿಗೆ ಮಾರಿ, ಬಂದದ್ದರಲ್ಲಿ ಪುಸ್ತಕ ಕೊಂಡರು. ಆ ಉಗ್ರಾಣವೇ ಇಂದಿನ ಗ್ರಂಥಾಲಯದ ಮುಂಭಾಗದ ಕೋಣೆ. ಇಲಾಖೆ ಬಂದದ್ದು ಎಷ್ಟೋ ವರ್ಷಗಳ ನಂತರ. ಕಟ್ಟಡ, ಪುಸ್ತಕ, ಬೆಂಚು ಎಲ್ಲವನ್ನೂ ನಮ್ಮ ಹಿರಿಯರು ಕೈಯೆತ್ತಿ ಕೊಟ್ಟರು. ಮಧ್ಯಾಹ್ನದ ಓದು ಮಾತ್ರ ನಿಲ್ಲಬಾರದು ಎಂದರು. ಆಗ ತಮ್ಮ ಕುರ್ಚಿಯಲ್ಲಿದ್ದವರು ಒಪ್ಪಿದರು. ಬಟ್ಟೆಯ ಚಿಂದಿ ಮಾರಿ ಪುಸ್ತಕ ತಂದವರ ಮನೆಯಲ್ಲಿ ಕುಳಿತು ತಾವು ಪುಸ್ತಕ ಮಾರಿ ಚಿಂದಿಯ ಬೆಲೆ ತಂದಿದ್ದೀರಿ. ಇದನ್ನು ಸಂಚಿಕೆಯಲ್ಲಿ ಹಾಕಲು ಜಾಗ ಸಾಲಲಿಲ್ಲವೇನೋ.

ಈಗ ತಮ್ಮ ತಪ್ಪಿಗೆ ಬರೋಣ. ಅದು ಸಾಮಾನ್ಯ ತಪ್ಪಲ್ಲ. ಬಹಳ ಓದಿದವರು ಮಾತ್ರ ಮಾಡಬಲ್ಲ ತಪ್ಪು.

ಮಧ್ಯಾಹ್ನದ ಓದಿಗೆ ಕೆಲವು ಕಟ್ಟುಪಾಡುಗಳಿವೆ. ಓದಿಗೆ ತೆಗೆದುಕೊಂಡ ಪುಸ್ತಕವನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಯಾರೂ ಮುಂದಿನ ಪುಟ ಇಣುಕುವಂತಿಲ್ಲ, ಓದುವವರು ಕೂಡ. ಮುಂದೇನಾಗುತ್ತದೆಂದು ಗೊತ್ತಿದ್ದರೆ ಅವರ ಧ್ವನಿಯೇ ಹೇಳಿಬಿಡುತ್ತದೆ. ಒಂದು ಪುಸ್ತಕ ಮುಗಿಯದೆ ಇನ್ನೊಂದನ್ನು ತೆರೆಯುವಂತಿಲ್ಲ. ಮುಗಿದ ಪುಸ್ತಕವೂ ಅದೇ ಕಪಾಟಿನಲ್ಲಿ ಉಳಿಯುತ್ತದೆ, ಏಕೆಂದರೆ ಹತ್ತು ಹದಿನೈದು ವರ್ಷ ಕಳೆದು ಹೊಸ ಕಿವಿಗಳು ಬಂದು ಕುಳಿತಾಗ ಅದನ್ನು ಮತ್ತೆ ಓದುತ್ತಾರೆ. ಅಷ್ಟರೊಳಗೆ ಹೊರಗೆ ಹೋಗಿ ಕಥೆ ಬಯಲಾಗಬಾರದು. ನಾನು ಚಿಕ್ಕವನಿದ್ದಾಗ ಅಂಚೆಯವರೊಬ್ಬರು ತಡೆಯಲಾರದೆ ಕೊನೆಯ ಅಧ್ಯಾಯ ಇಣುಕಿ, ಯಾರು ಸಾಯುತ್ತಾರೆಂದು ಬಾಯಿಬಿಟ್ಟರು. ಅವರಿಗೆ ಕಿಟಕಿ ಶಿಕ್ಷೆ ಆಯಿತು. ಮುಂದಿನ ಇಡೀ ಪುಸ್ತಕವನ್ನು ಹೊರಗೆ ಬಿಸಿಲಿನಲ್ಲಿ ನಿಂತು ಕಿಟಕಿಯಿಂದ ಕೇಳಬೇಕಾಯಿತು. ಅವರು ಒಂದು ದಿನವೂ ತಪ್ಪಿಸಲಿಲ್ಲ. ಈ ಪುಸ್ತಕಗಳ ಕಪಾಟನ್ನು ನಾವು ಕೇಳುವ ಕಪಾಟು ಎನ್ನುತ್ತಿದ್ದೆವು. ಬೀಗವಿರಲಿಲ್ಲ, ಬೇಕೂ ಇರಲಿಲ್ಲ.

ತಾವು ವರ್ಗವಾಗಿ ಬಂದಿರಿ. ಕಪಾಟುಗಳು ತುಂಬಿವೆ, ಕಂಪ್ಯೂಟರ್ ಮೇಜುಗಳಿಗೆ ಜಾಗವಿಲ್ಲ, ಯಾವ ಪುಸ್ತಕ ಬೇಡವೋ ಅದನ್ನು ವಿಲೇವಾರಿ ಮಾಡಬೇಕು ಎಂದಿರಿ. ಬೇಡದ ಪುಸ್ತಕ ಯಾವುದೆಂದು ತಿಳಿಯುವುದು ಹೇಗೆ? ತಮ್ಮಂಥವರಿಗೆ ಅದು ಬಹಳ ಸುಲಭ. ಪುಸ್ತಕದ ಹಿಂಬದಿಯಲ್ಲಿ ಮನೆಗೊಯ್ದವರಿಗೆ ತಾರೀಖಿನ ಮುದ್ರೆ ಒತ್ತುವ ಚೀಟಿ ಇರುತ್ತದಲ್ಲ, ಅದು ಖಾಲಿಯಿದ್ದರೆ ಯಾರೂ ಓದಿಲ್ಲ ಎಂದು ಅರ್ಥ. ಕೇಳುವ ಕಪಾಟಿನಲ್ಲಿದ್ದ ಪ್ರತಿಯೊಂದು ಪುಸ್ತಕದ ಚೀಟಿಯೂ ಖಾಲಿ. ಬೀದಿಗೆ ಬೀದಿಯೇ ಯಾವುದಕ್ಕೆ ಅತ್ತು ನಕ್ಕಿತ್ತೋ, ಯಾವುದರ ಮಾತುಗಳು ನಮ್ಮ ಜಗಳಗಳಲ್ಲಿ, ಮದುವೆ ಮಾತುಕತೆಗಳಲ್ಲಿ ಬಂದು ಹೋಗುತ್ತಿದ್ದವೋ, ಅದೇ ತಮ್ಮ ಲೆಕ್ಕದಲ್ಲಿ ಶೂನ್ಯ. ಮುದ್ರೆಗಳಿಂದ ಚೀಟಿ ಕಪ್ಪಾಗಿದ್ದ ಪುಸ್ತಕಗಳನ್ನು ಉಳಿಸಿಕೊಂಡಿರಿ. ನಾನು ಹೋಗಿ ನೋಡಿದೆ. ಹೆಚ್ಚಿನವು ಹಳೆಯ ಪರೀಕ್ಷೆಗಳ ಮಾದರಿ ಪ್ರಶ್ನೆಗಳು. ಆ ಪರೀಕ್ಷೆಗಳೇ ಈಗ ಇಲ್ಲ. ಕಪಾಟಿನ ಮುಂದೆ ನಿಂತು ‘ಇದೇನಪ್ಪ, ಇಡೀ ಕಪಾಟಿಗೆ ಒಂದೂ ಮುದ್ರೆಯಿಲ್ಲ’ ಎಂದು ಒಬ್ಬರನ್ನಾದರೂ ಕೇಳಬಹುದಾಗಿತ್ತಲ್ಲ? ಕಸ ಗುಡಿಸುವವರಿಗೆ ಗೊತ್ತಿತ್ತು, ಎದುರಿನ ಚಹಾ ಅಂಗಡಿಯವನಿಗೆ ಗೊತ್ತಿತ್ತು. ಆದರೆ ತಮಗೆ ಕೇಳುವ ಅಭ್ಯಾಸವಿಲ್ಲ, ಓದುವುದಂತೂ ಇದ್ದಂತೆ ತೋರುವುದಿಲ್ಲ.

ನನ್ನ ಚಿಕ್ಕಮ್ಮ ಕಾಜ ಹಾಕುವವಳು. ಕೋಟಿನ ಗುಂಡಿಯ ತೂತಿನ ಸುತ್ತ ಕೈಯಿಂದ ಒತ್ತೊತ್ತಾಗಿ ದಾರ ಹೆಣೆಯುವ ಕೆಲಸ ಅದು. ಕಪ್ಪು ಬಟ್ಟೆ, ಕಪ್ಪು ದಾರ, ಮಂದ ಬೆಳಕು. ನನ್ನ ಅಮ್ಮ ಬೇಗ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಆ ಕಾಜಗಳೇ. ಅವುಗಳಿಗೆ ಅವಳು ಕಣ್ಣು ತೆತ್ತಳು. ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ಆ ಕೋಣೆಯಲ್ಲಿ ಅವಳು ಕೇಳದ ಪುಸ್ತಕವಿಲ್ಲ. ನಾನು ಅಂಗಡಿಯಲ್ಲಿ ಯಾರ ಮೇಲಾದರೂ ರೇಗಾಡಿ ಬಂದರೆ ಅವಳು, ‘ನೀನು ಆ ದೋಣಿಯವನ ಅಣ್ಣ ಇದ್ದ ಹಾಗೆ ಕಣೋ, ತಪ್ಪು ನಿಂದೇ ಇದ್ರೂ ಗಂಟಲು ಮಾತ್ರ ದೊಡ್ಡದು’ ಎನ್ನುತ್ತಾಳೆ. ದೋಣಿಯವನ ಅಣ್ಣ ಇದ್ದದ್ದು ಒಂದು ಕಾದಂಬರಿಯಲ್ಲಿ. ಅವನನ್ನೂ ತಾವು ತೂಕಕ್ಕೆ ಹಾಕಿದ್ದೀರಿ.

ಕೊನೆಯದಾಗಿ ಓದುತ್ತಿದ್ದ, ಬೀದಿಯಲ್ಲಿ ಯಾರೂ ಮೊದಲು ಕೇಳಿರದ ಪುಸ್ತಕದಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನ ಮಗಳು ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟು ಹೋಗಿದ್ದಾಳೆ. ಎಷ್ಟೋ ವರ್ಷಗಳ ಮೇಲೆ ತಿರುಗಿ ಬಂದು, ಬಾಗಿಲು ತಟ್ಟಲು ಕೈ ಎತ್ತಿದ್ದಾಳೆ. ಅಲ್ಲಿಗೆ ಗಂಟೆ ಮುಗಿಯಿತು. ಓದುತ್ತಿದ್ದವಳು ದಾರವಿಟ್ಟು ಪುಸ್ತಕ ಮುಚ್ಚಿದಳು. ನಾವು ಅವಳನ್ನು ಓದೋ ಅಕ್ಕ ಎಂದೇ ಕರೆಯುವುದು. ಬೀದಿಯಲ್ಲಿ ರವಿಕೆ ಹೊಲಿಯುತ್ತಾಳೆ, ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಓದುತ್ತಾಳೆ. ಮಾರನೆಯ ದಿನ ಹೋದರೆ ಕಪಾಟಿಲ್ಲ, ಅದರ ಜಾಗದ ಗೋಡೆಯಲ್ಲಿ ಬಣ್ಣ ಮಾಸದ ಚೌಕವೊಂದಿತ್ತು. ಪಕ್ಕದಲ್ಲಿ ಹೊಸ ಫಲಕ: ‘ನಿಶ್ಶಬ್ದ. ಗಟ್ಟಿಯಾಗಿ ಓದುವುದನ್ನು ನಿಷೇಧಿಸಲಾಗಿದೆ.’ ಗಟ್ಟಿಯಾಗಿ ಓದಿ ಕಟ್ಟಿದ ಕೋಣೆಯಲ್ಲಿ ಈ ಫಲಕ ನೇತುಹಾಕಲು ಮೊಳೆ ಹೊಡೆದ ಸದ್ದು ತಮಗೆ ಕೇಳಿಸಲಿಲ್ಲವೇ?

ಆ ವಾರವೇ ಚಿಕ್ಕಮ್ಮನನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ತಮಗೆ ನೆನಪಿರಲಾರದು, ಆದ್ದರಿಂದ ನಡೆದದ್ದನ್ನು ಬರೆಯುತ್ತೇನೆ. ತಾವು ಮೊಬೈಲಿನಿಂದ ತಲೆ ಎತ್ತದೆ ‘ಏನ್ರೀ ವಿಷಯ?’ ಎಂದಿರಿ. ನಾನು ಹೇಳಿದೆ. ‘ನೋಡಿ, ಇದು ಲೈಬ್ರರಿ, ಸಂತೆಯಲ್ಲ. ಓದೋ ಮಕ್ಕಳಿಗೆ ತೊಂದರೆ ಆಗುತ್ತೆ’ ಎಂದಿರಿ. ಓದುವ ಮಕ್ಕಳು ಹಿಂದಿನ ಕೋಣೆಯಲ್ಲಿ ಇರುತ್ತಾರೆ, ನಡುವೆ ಬಾಗಿಲಿದೆ, ಇದುವರೆಗೆ ಒಬ್ಬರೂ ದೂರು ಕೊಟ್ಟಿಲ್ಲ, ಎಷ್ಟೋ ಸಲ ಅವರೇ ಬಾಗಿಲು ತೆರೆದು ಬಂದು ಕೂರುತ್ತಾರೆ ಎಂದೆ. ‘ನಿಯಮ ಅಂದ್ರೆ ನಿಯಮ’ ಎಂದಿರಿ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ಮಗುವಿಗೆ ಮಿಠಾಯಿ ತೋರಿಸುವವರಂತೆ ನಕ್ಕಿರಿ.

‘ಅಜ್ಜಿ, ಈಗೆಲ್ಲ ಮೊಬೈಲಲ್ಲೇ ಕಥೆ ಬರುತ್ತೆ. ಕಿವಿಗೆ ಹಾಕ್ಕೊಂಡು ಆರಾಮಾಗಿ ಮಲಗಿ ಕೇಳಬಹುದು.’

‘ಬರುತ್ತೆ ಸ್ವಾಮಿ, ಇವನು ಹಾಕಿ ಕೊಟ್ಟಿದ್ದ’ ಎಂದಳು ಚಿಕ್ಕಮ್ಮ. ‘ಆದ್ರೆ ನಾನು ಅತ್ತರೆ ಅದು ನಿಲ್ಲಿಸೋದೇ ಇಲ್ಲ. ಹೇಳ್ಕೊಂಡು ಹೋಗ್ತಾನೇ ಇರುತ್ತೆ. ನಮ್ಮ ಓದೋ ಅಕ್ಕ ನಿಲ್ಲಿಸ್ತಾಳೆ. ಪಕ್ಕದಲ್ಲಿರೋರು ನೀರು ಕೊಡ್ತಾರೆ.’

ತಾವು ಗಡಿಯಾರ ನೋಡಿದಿರಿ.

‘ಆ ಹುಡುಗಿ ಬಾಗಿಲು ತಟ್ಟಿದ್ಲಾ, ಅಷ್ಟು ಹೇಳಿ ಸಾಕು’ ಎಂದಳು ಅವಳು.

‘ಯಾವ ಹುಡುಗಿ?’

‘ಪುಸ್ತಕ ಕೊಟ್ಟುಬಿಟ್ಟಿದ್ದೀರಲ್ಲ, ಅದ್ರಲ್ಲಿರೋಳು. ಬೇಡದ ಪುಸ್ತಕ ಅಂತ ತೀರ್ಮಾನ ಮಾಡಬೇಕಾದ್ರೆ ಓದಿರ್ತೀರಲ್ವಾ?’

ತಾವು ಇಲ್ಲ ಎಂದಿರಿ. ಆ ಒಂದು ಪ್ರಾಮಾಣಿಕತೆಗೆ ತಮ್ಮನ್ನು ಅಭಿನಂದಿಸಬೇಕು. ಇಡೀ ಭೇಟಿಯಲ್ಲಿ ಅಭಿನಂದಿಸಲು ಸಿಕ್ಕಿದ್ದು ಅದೊಂದೇ. ಮೆಟ್ಟಿಲಿಳಿಯುವಾಗ ಚಿಕ್ಕಮ್ಮ, ‘ಪಾಪ, ಅವರಿಗೂ ಗೊತ್ತಿಲ್ಲ’ ಎಂದಳು. ಅವಳಿಗೆ ತಮ್ಮ ಮೇಲೆ ಕರುಣೆ ಬಂದಿತ್ತು. ನನಗೆ ಬರಲಿಲ್ಲ, ಇಂದಿಗೂ ಬಂದಿಲ್ಲ.

ಪುಸ್ತಕವನ್ನು ನಾನೇ ಹುಡುಕಲಿಲ್ಲವೇ ಎಂದು ತಾವು ಕೇಳಬಹುದು. ಹುಡುಕಿದೆ. ರದ್ದಿ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮುಖ ನೋಡದೆ, ‘ಆಫೀಸಿನ ಮಾಲು ಅಂದ್ರೆ ಇಟ್ಕೊಳ್ಳೋದಿಲ್ಲಣ್ಣ, ಅವತ್ತೇ ಕಾಗದದ ಕಾರ್ಖಾನೆಗೆ ಕಳಿಸಿಬಿಡ್ತೀವಿ. ಕೇಳೋ ಕಪಾಟು ಅಂತ ಗೊತ್ತಿದ್ದಿದ್ರೆ ಗಾಡಿ ತಿರುಗಿಸ್ತಿದ್ದೆ’ ಎಂದ. ರದ್ದಿಯವನಿಗೆ ನಾಚಿಕೆಯಾಗಿತ್ತು. ನಾಚಿಕೆಪಡುವ ಕೆಲಸ ಅವನದಾಗಿರಲಿಲ್ಲ. ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿದೆ, ಪ್ರಕಾಶಕರ ವಿಳಾಸಕ್ಕೆ ಹೋದೆ. ಅಲ್ಲಿ ಈಗ ಕನ್ನಡಕದ ಅಂಗಡಿಯಿದೆ. ಮೊಬೈಲಿನಲ್ಲಿ ಬರುವ ಕಥೆಗಳಲ್ಲೂ ಅದಿಲ್ಲ. ಬೇರೆ ಪುಸ್ತಕ ಶುರು ಮಾಡೋಣವೆಂದರೆ ಯಾರೂ ಒಪ್ಪುವುದಿಲ್ಲ. ಆ ಕಟ್ಟುಪಾಡು ನಮ್ಮ ಮುತ್ತಜ್ಜಂದಿರದು. ಈಗ ಮಧ್ಯಾಹ್ನ ಎಲ್ಲರೂ ನನ್ನ ಅಂಗಡಿಯ ಮುಂದೆ ಕೂರುತ್ತಾರೆ, ಆ ಹುಡುಗಿಗೆ ಏನಾಯಿತೆಂದು ಜಗಳವಾಡುತ್ತಾರೆ. ಅಪ್ಪ ಬಾಗಿಲು ತೆಗೆಯುವುದಿಲ್ಲ ಎಂದು ಕೋಟು ಹೊಲಿಯುವವನು ಪಟ್ಟು ಹಿಡಿದಿದ್ದಾನೆ. ಚಿಕ್ಕಮ್ಮ ಅವನೊಂದಿಗೆ ಮಾತು ಬಿಟ್ಟಿದ್ದಾಳೆ. ಅಪ್ಪ ಸತ್ತೇ ಹೋಗಿದ್ದಾನೆ ಎಂದು ಓದೋ ಅಕ್ಕನಿಗೆ ಅನುಮಾನ, ಆದರೆ ಹೇಳುವುದಿಲ್ಲ.

ನಾನೇ ಏನಾದರೂ ಕಟ್ಟಿ ಹೇಳಿ ಚಿಕ್ಕಮ್ಮನನ್ನು ಸಮಾಧಾನ ಮಾಡಬಹುದಿತ್ತು. ಪ್ರಯತ್ನವನ್ನೂ ಮಾಡಿದೆ. ಬಾಗಿಲು ತೆರೆಯಿತು, ಅಪ್ಪ ಮಗಳು ಅಪ್ಪಿಕೊಂಡರು ಎಂದು ಗಂಭೀರವಾಗಿ ಹೇಳಿದೆ. ಅವಳು, ‘ಇದು ನಿನ್ನ ಕೆಲಸ. ಬರೆದೋರು ಇಷ್ಟು ಬೇಗ ಬಿಡೋರಲ್ಲ’ ಎಂದಳು. ಕಾಜ ಕೈಯದೋ ಯಂತ್ರದ್ದೋ ಎಂದು ಮುಟ್ಟಿ ಹೇಳುವವಳಿಗೆ ಕಥೆಯ ಹೊಲಿಗೆ ತಿಳಿಯದೇ ಇರುತ್ತದೆಯೇ?

ಇದು ಹೊಸ ಸಮಸ್ಯೆಯೇನಲ್ಲ ಎಂದೂ ತಿಳಿಸಬೇಕು. ನನ್ನ ತಂದೆಯ ಕಾಲದಲ್ಲಿ ಒಮ್ಮೆ ಓದುತ್ತಿದ್ದ ಪುಸ್ತಕದ ಕೊನೆಯ ಹಾಳೆಗಳನ್ನು ಇಲಿ ತಿಂದು ಹಾಕಿತ್ತು. ಆಗ ತಮ್ಮ ಇದೇ ಕುರ್ಚಿಯಲ್ಲಿದ್ದವರು ಸುತ್ತಲಿನ ಗ್ರಂಥಾಲಯಗಳಿಗೆಲ್ಲ ಕಾಗದ ಬರೆದು, ಎಲ್ಲೋ ಒಂದು ಪ್ರತಿ ಪತ್ತೆ ಮಾಡಿ, ರಜೆಯ ದಿನ ಸ್ವತಃ ಬಸ್ಸು ಹತ್ತಿ ಹೋಗಿ ತಂದರು. ತಂದವರು ಮೇಜಿನ ಮೇಲಿಟ್ಟು ಹೋಗಲಿಲ್ಲ, ಬೆಂಚಿನ ಮೇಲೆ ಕುಳಿತು ಕೊನೆಯವರೆಗೂ ಕೇಳಿದರು. ಅವರ ಹೆಸರು ತಮ್ಮ ಸಂಚಿಕೆಯಲ್ಲಿ ಎಲ್ಲೂ ಇಲ್ಲ. ಇಲಿಯನ್ನು ಕೂಡ ನಾನಿಲ್ಲಿ ತಮಗೆ ಹೋಲಿಸಲಾರೆ. ಅದು ಮೊದಲ ಅಧ್ಯಾಯಗಳನ್ನು ಬಿಟ್ಟಿತ್ತು, ಮತ್ತು ಮಾಡಿದ್ದಕ್ಕೆ ಸಮಾರಂಭ ಇಟ್ಟುಕೊಂಡಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ತಮ್ಮ ಅಧೀನದಲ್ಲಿ ಹಲವು ಊರುಗಳ ಗ್ರಂಥಾಲಯಗಳಿವೆ, ಆ ಕಾದಂಬರಿ ಅಚ್ಚಾದ ಕಾಲದಲ್ಲಿ ಇಲಾಖೆ ಒಂದೊಂದು ಪುಸ್ತಕವನ್ನೂ ಎಲ್ಲ ಕಡೆಗೆ ಕೊಳ್ಳುತ್ತಿತ್ತು. ಎಲ್ಲೋ ಒಂದು ಕಪಾಟಿನಲ್ಲಿ, ಬಹುಶಃ ಒಂದೂ ಮುದ್ರೆಯಿಲ್ಲದ ಚೀಟಿಯೊಂದಿಗೆ, ಆ ಕಾದಂಬರಿಯ ಪ್ರತಿ ಇದ್ದೇ ಇರುತ್ತದೆ. ಅಲ್ಲಿಗೂ ತಮ್ಮ ವಿಲೇವಾರಿ ತಲುಪುವ ಮೊದಲು ಅದನ್ನು ಹುಡುಕಿಸಿ. ಪುಸ್ತಕದ ಮತ್ತು ಬರೆದವರ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಫಲಕ ತೆಗೆಸಿ. ಮಧ್ಯಾಹ್ನದ ಓದಿನ ಒಂದು ಗಂಟೆಯನ್ನು, ಆ ಕಟ್ಟಡ ಕೊಟ್ಟವರಿಗೆ ವಾಪಸು ಕೊಡಿ. ಸಂಚಿಕೆಯ ಚಿತ್ರದ ಕೆಳಗಿನ ವಿವರಣೆಯನ್ನು ತಿದ್ದುವುದು ಬಿಡುವುದು ತಮಗೆ ಬಿಟ್ಟದ್ದು. ಅದನ್ನು ಓದಿದವರು ಹೇಗೂ ಕಡಿಮೆ.

ಮತ್ತು ಪುಸ್ತಕ ಸಿಕ್ಕ ದಿನ ಅದನ್ನು ಜವಾನನ ಕೈಯಲ್ಲಿ ಕಳಿಸಬೇಡಿ. ತಾವೇ ತನ್ನಿ, ತಾವೇ ಓದಿ. ಓದೋ ಅಕ್ಕ ಜಾಗ ಬಿಟ್ಟುಕೊಡಲು ಒಪ್ಪಿದ್ದಾಳೆ. ಮುಂದಿನ ಪುಟ ಇಣುಕಬೇಡಿ. ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದಿ. ಚಿಕ್ಕಮ್ಮ ಕೈ ಎತ್ತಿದರೆ ನಿಲ್ಲಿಸಿ, ಮುಂದುವರಿಸಿ ಎಂದು ಅವಳೇ ಹೇಳುವವರೆಗೆ ಕಾಯಿರಿ. ಬೆಂಚಿನ ಎಡ ತುದಿಯಲ್ಲಿ ಅವಳು ಕುಳಿತಿರುತ್ತಾಳೆ. ಅವಳ ಬಲಗಡೆ ಕುಳಿತುಕೊಳ್ಳಿ. ಎಡಗಿವಿ ಹೋದ ವಾರ ಹೋಯಿತು.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಈ ಗ್ರಂಥಾಲಯದ ಒಂದು ಪುಸ್ತಕವನ್ನೂ ಓದದವನು,
ದಾರ ಮತ್ತು ಗುಂಡಿ ಅಂಗಡಿ, ದರ್ಜಿಗಳ ಬೀದಿ